ಮೊದಲು ತಾರೀಖು ಕೇಳಿ: ಇಸ್ಲಾಮಿ ನಾಗರಿಕತೆಯ ಇತಿಹಾಸವನ್ನು ಆನ್‌ಲೈನಿನಲ್ಲಿ ಓದುವ ಬಗೆ

ಪ್ರಶ್ನೆ: ನಾನು ಬೀದರ್ ಕಡೆಯವಳು. ಇತಿಹಾಸದಲ್ಲಿ ಬಿ.ಎ. ಮುಗಿಸಿ ಹನ್ನೆರಡು ವರ್ಷವಾಯಿತು. ಇಸ್ಲಾಮಿ ನಾಗರಿಕತೆಯ ಇತಿಹಾಸವನ್ನು ಕ್ರಮವಾಗಿ ಓದಬೇಕೆಂಬ ಆಸೆ. ಎರಡು ಸಲ ಆನ್‌ಲೈನ್ ಕೋರ್ಸಿಗೆ ಸೇರಿ ಎರಡೂ ಸಲ ಮೂರನೇ ವಾರಕ್ಕೆ ಬಿಟ್ಟೆ. ಹೆಸರುಗಳೇ ತಲೆಗೆ ಹತ್ತಲಿಲ್ಲ. ಯೂಟ್ಯೂಬಿನಲ್ಲಿ ಒಬ್ಬರು ಎಲ್ಲವೂ ಸುವರ್ಣಯುಗ ಎನ್ನುತ್ತಾರೆ, ಇನ್ನೊಬ್ಬರು ಬರೀ ಕತ್ತಿಯ ಕಥೆ ಎನ್ನುತ್ತಾರೆ. ಅರಬ್ಬಿ ಬರುವುದಿಲ್ಲ. ವಾರಕ್ಕೆ ಐದು ಗಂಟೆ ಬಿಡುವಿದೆ. ಎಲ್ಲಿಂದ ಶುರು ಮಾಡಲಿ? ಯಾವ ಕೋರ್ಸನ್ನು ನಂಬಲಿ? ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಬೇಕೇ?

ಉತ್ತರ: ಮೂರನೇ ವಾರ ಎಂದಿರಲ್ಲ, ತೊಡಕು ಎಲ್ಲಿದೆ ಎಂಬುದು ಅಲ್ಲೇ ಸಿಕ್ಕಿತು. ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಮೊದಲ ವಾರ ಅರಬಸ್ತಾನ, ಎರಡನೇ ವಾರ ಪೈಗಂಬರ್ ಮುಹಮ್ಮದರ ಕಾಲ, ಮೂರನೇ ವಾರ 656ರ ನಂತರದ ಅಂತರ್ಯುದ್ಧ ಮತ್ತು ಉಮಯ್ಯದರ ಆಳ್ವಿಕೆ ಬರುತ್ತದೆ. ಒಂದೇ ಗಂಟೆಯಲ್ಲಿ ಮೂವತ್ತು ನಲವತ್ತು ಹೆಸರು ಸುರಿಯುತ್ತವೆ. ಅವುಗಳಲ್ಲಿ ಅರ್ಧ ಒಂದೇ ಮನೆತನದವರದು, ಇನ್ನರ್ಧ ಒಬ್ಬನೇ ವ್ಯಕ್ತಿಯ ಬೇರೆಬೇರೆ ಹೆಸರುಗಳು. ಮೇಷ್ಟ್ರಿಗೆ ಅದು ಮೂವತ್ತು ವರ್ಷದ ರೂಢಿಯಾದ್ದರಿಂದ ಬಿಡಿಸಿ ಹೇಳಬೇಕೆಂದು ಹೊಳೆಯುವುದೇ ಇಲ್ಲ. ಕೇಳುವವರು ತಮ್ಮ ನೆನಪಿನ ಶಕ್ತಿ ಸಾಲದು ಎಂದುಕೊಂಡು ಬಿಟ್ಟುಬಿಡುತ್ತಾರೆ. ಆದ್ದರಿಂದ ಕೋರ್ಸಿಗೆ ಸೇರುವ ಮುಂಚೆ ಒಂದು ಭಾನುವಾರ ಕೂತು ಮೂರು ಕೆಲಸ ಮುಗಿಸಿಕೊಳ್ಳಿ: ಹೆಸರು ಬಿಡಿಸುವುದು, ಒಂದು ವಂಶವೃಕ್ಷ ಬರೆಯುವುದು, ಇಸ್ಲಾಮಿ ಪಂಚಾಂಗದ ಹಿಜರಿ ವರ್ಷವನ್ನು ಲೆಕ್ಕ ಹಾಕುವುದು.

ಹೆಸರಿನಿಂದ ಶುರು ಮಾಡೋಣ. ‘ಅಬೂ ಜಾಫರ್ ಮುಹಮ್ಮದ್ ಇಬ್ನ್ ಜರೀರ್ ಅಲ್-ತಬರಿ’ ಎಂದು ಕೇಳಿದರೆ ಒಂದು ಪಟ್ಟಿ ಓದಿದ ಹಾಗಿರುತ್ತದೆ. ಬಿಡಿಸಿದರೆ ಸುಲಭ. ಅಬೂ ಜಾಫರ್ ಎಂದರೆ ಜಾಫರನ ಅಪ್ಪ. ಮುಹಮ್ಮದ್ ಅವರ ಸ್ವಂತ ಹೆಸರು. ಇಬ್ನ್ ಜರೀರ್ ಎಂದರೆ ಜರೀರನ ಮಗ. ಅಲ್-ತಬರಿ ಎಂದರೆ ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ದಡದ ತಬರಿಸ್ತಾನದವರು. ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ, ಬಾದಾಮಿ, ಬೆಳಗಾವಿ ಎಂದು ಊರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವುದು ನಿಮಗೆ ಗೊತ್ತೇ ಇದೆ, ಇದೂ ಹಾಗೇ. ಇದರ ಮೇಲೆ ಬಿರುದು ಬೇರೆ ಕೂಡುತ್ತದೆ. ಅಬ್ಬಾಸಿ ಖಲೀಫರು ಇತಿಹಾಸದಲ್ಲಿ ಉಳಿದಿರುವುದು ಪಟ್ಟದ ಹೆಸರಿನಿಂದ. ಬಾಗ್ದಾದ್ ಕಟ್ಟಿಸಿದ ಅಲ್-ಮನ್ಸೂರನ ಸ್ವಂತ ಹೆಸರು ಅಬ್ದುಲ್ಲಾ. ಅವನ ಮರಿಮಗ ಅಲ್-ಮಾಮೂನನ ಸ್ವಂತ ಹೆಸರೂ ಅಬ್ದುಲ್ಲಾ. ಟಿಪ್ಪಣಿ ಬರೆದುಕೊಳ್ಳುವಾಗ ಪ್ರತಿ ವ್ಯಕ್ತಿಗೂ ಒಂದೇ ಹೆಸರನ್ನು ಆರಿಸಿಕೊಂಡು ಅದನ್ನೇ ಕೊನೆಯವರೆಗೂ ಬಳಸಿ, ಉಳಿದವನ್ನು ಪಕ್ಕದಲ್ಲಿ ಸಣ್ಣದಾಗಿ ಬರೆದಿಡಿ. ಯುರೋಪಿನ ರೂಪಗಳನ್ನೂ ಅಲ್ಲೇ ಸೇರಿಸಿ: ಅವಿಸೆನ್ನ ಎಂದರೆ ಇಬ್ನ್ ಸಿನಾ, ಅವೆರೋಸ್ ಎಂದರೆ ಇಬ್ನ್ ರುಷ್ದ್, ಅಲ್‌ಹಾಜೆನ್ ಎಂದರೆ ಇಬ್ನ್ ಅಲ್-ಹೈಥಮ್. ವಿಡಿಯೊದ ಕೆಳಗೆ ತಾನಾಗಿ ಮೂಡುವ ಅಕ್ಷರಗಳನ್ನು ಹೆಸರಿನ ವಿಷಯದಲ್ಲಿ ಮಾತ್ರ ನಂಬಬೇಡಿ. ಯಂತ್ರಕ್ಕೆ ಈ ಹೆಸರುಗಳು ಸರಿಯಾಗಿ ಕೇಳಿಸುವುದಿಲ್ಲ. ಅದನ್ನೇ ಹುಡುಕಾಟಕ್ಕೆ ಹಾಕಿದರೆ ಏನೂ ಸಿಗುವುದಿಲ್ಲ. ಕೋರ್ಸಿನ ಪಠ್ಯಕ್ರಮದಲ್ಲಿ ಅಚ್ಚಾದ ರೂಪವನ್ನು ನಕಲು ಮಾಡಿಕೊಳ್ಳಿ.

ವಂಶವೃಕ್ಷಕ್ಕೆ ಒಂದು ಹಾಳೆ ಸಾಕು. ಮೇಲೆ ಅಬ್ದ್ ಮನಾಫ್. ಅವನಿಗೆ ಇಬ್ಬರು ಮಕ್ಕಳನ್ನು ಬರೆಯಿರಿ: ಹಾಶಿಮ್ ಮತ್ತು ಅಬ್ದ್ ಶಮ್ಸ್. ಹಾಶಿಮನ ಮಗ ಅಬ್ದುಲ್ ಮುತ್ತಲಿಬ್. ಅವನ ಮಕ್ಕಳಲ್ಲಿ ಮೂವರು ಸಾಕು: ಅಬ್ದುಲ್ಲಾ, ಅಬೂ ತಾಲಿಬ್, ಅಬ್ಬಾಸ್. ಅಬ್ದುಲ್ಲಾ ಅವರ ಮಗ ಪೈಗಂಬರ್ ಮುಹಮ್ಮದ್. ಅಬೂ ತಾಲಿಬರ ಮಗ ಅಲಿ. ಅಬ್ಬಾಸರ ಸಂತತಿ ಅಬ್ಬಾಸಿಗಳು. ಇತ್ತ ಅಬ್ದ್ ಶಮ್ಸನ ಮಗ ಉಮಯ್ಯ. ಉಮಯ್ಯನ ಒಂದು ಕವಲಿನಲ್ಲಿ ಹರ್ಬ್, ಅಬೂ ಸುಫ್ಯಾನ್, ಮುಆವಿಯಾ. ಇನ್ನೊಂದು ಕವಲಿನಲ್ಲಿ ಮೂರನೇ ಖಲೀಫ ಉಸ್ಮಾನ್, ಮತ್ತು ಮರ್ವಾನ್, ಅವನ ಮಗ ಅಬ್ದುಲ್ ಮಲಿಕ್. ಮುಗಿಯಿತು. ಈ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಬಿಟ್ಟ ಮೂರನೇ ವಾರದ ವಿಡಿಯೊವನ್ನು ಮತ್ತೆ ಹಾಕಿ ನೋಡಿ. 661ರಿಂದ 750ರವರೆಗೆ ದಮಾಸ್ಕಸ್‌ನಿಂದ ಆಳಿದವರು ಬಲಗಡೆ ಕವಲಿನವರು. ಅವರನ್ನು ಕೆಡವಿದ, ಈಶಾನ್ಯ ಇರಾನಿನ ಕಡೆಯ ಖುರಾಸಾನಿನ ದಂಗೆ ‘ಪೈಗಂಬರರ ಮನೆತನದ ಒಪ್ಪಿತ ವ್ಯಕ್ತಿಗಾಗಿ’ ಎಂಬ ಘೋಷಣೆಯ ಮೇಲೆ ನಡೆಯಿತು, ಹೆಸರು ಹೇಳಲಿಲ್ಲ. ಆ ಮಾತಿಗೆ ಅಲಿಯವರ ಸಂತತಿಯೂ ಸಲ್ಲುತ್ತಿತ್ತು, ಅಬ್ಬಾಸರ ಸಂತತಿಯೂ ಸಲ್ಲುತ್ತಿತ್ತು. ಗೆದ್ದಾದ ಮೇಲೆ ಗದ್ದುಗೆ ಏರಿದವರು ಅಬ್ಬಾಸಿಗಳು, ಮೋಸಹೋದೆವು ಎಂದು ಕನಲಿದವರು ಅಲಿ ಪಕ್ಷದವರು. ಮುಂದಿನ ಇನ್ನೂರು ವರ್ಷದ ಎಷ್ಟೋ ದಂಗೆಗಳ ಬೇರು ಈ ಹಾಳೆಯಲ್ಲೇ ಕಾಣುತ್ತದೆ. 756ರಲ್ಲಿ ಸ್ಪೇನಿನ ಕೊರ್ದೊಬಾದಲ್ಲಿ ಅಧಿಕಾರ ಹಿಡಿದ ಅಬ್ದುಲ್ ರಹಮಾನ್ ತಪ್ಪಿಸಿಕೊಂಡು ಹೋದ ಉಮಯ್ಯ. 909ರಲ್ಲಿ ಉತ್ತರ ಆಫ್ರಿಕದಲ್ಲಿ ಎದ್ದ ಫಾತಿಮಿಗಳು ಅಲಿ ಮತ್ತು ಅವರ ಹೆಂಡತಿ, ಪೈಗಂಬರರ ಮಗಳು ಫಾತಿಮಾ ಅವರ ವಂಶ ಎಂದು ಹೇಳಿಕೊಂಡವರು.

ಮೂರನೆಯದು ವರ್ಷದ ಲೆಕ್ಕ. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ನಮ್ಮ ಪಂಚಾಂಗದ ಹಾಗೆ ಅಧಿಕಮಾಸ ಸೇರಿಸಿ ಸರಿದೂಗಿಸುವುದಿಲ್ಲ. ಹಾಗಾಗಿ ಸೌರವರ್ಷಕ್ಕಿಂತ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ, 33 ಹಿಜರಿ ವರ್ಷಕ್ಕೆ ಸುಮಾರು 32 ಸೌರವರ್ಷವಾಗುತ್ತದೆ. ಲೆಕ್ಕ ಹೀಗೆ: ಹಿಜರಿ ವರ್ಷವನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದೇ ವರ್ಷದಿಂದ ಕಳೆದು, 622 ಕೂಡಿಸಿ. ನಿಮ್ಮೂರಿನದೇ ಉದಾಹರಣೆ ತೆಗೆದುಕೊಳ್ಳಿ. ಬೀದರಿನ ಮಹಮೂದ್ ಗವಾನನ ಮದರಸ ಹಿಜರಿ 877ರದು. 877ನ್ನು 33ರಿಂದ ಭಾಗಿಸಿದರೆ ಸುಮಾರು 26.6, ಕಳೆದರೆ 850.4, 622 ಕೂಡಿಸಿದರೆ 1472. ತಿಂಗಳು ಗೊತ್ತಿಲ್ಲದಿದ್ದರೆ ಒಂದು ವರ್ಷ ಆಚೀಚೆ ಆಗಬಹುದು, ಏಕೆಂದರೆ ಹಿಜರಿ ವರ್ಷ ಎರಡು ಇಸವಿಗಳ ಮೇಲೆ ಹಾಯ್ದಿರುತ್ತದೆ. 1591–92 ಎಂದು ಜೋಡಿಯಾಗಿ ಬರೆಯುವುದು ಅದಕ್ಕೇ. ಮುಂದೆ ದಖನ್ನಿನ ಕಾಗದಪತ್ರ ನೋಡುವಾಗ ಶುಹೂರ್ ಸನ್ ಎಂಬ ಬೇರೆಯೇ ಎಣಿಕೆ ಎದುರಾಗುತ್ತದೆ; ಅದು ಸೌರಮಾನದ್ದು, 599 ಅಥವಾ 600 ಕೂಡಿಸಿದರೆ ಇಸವಿ ಸಿಗುತ್ತದೆ. ಇದಕ್ಕೆ ಹಿಜರಿ ಸೂತ್ರ ಹಾಕಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ನಾವು ದಿನಾ ಬಳಸುವ ‘ತಾರೀಖು’ ಅರಬ್ಬಿ ಮಾತು. ಆ ಭಾಷೆಯಲ್ಲಿ ಅದಕ್ಕೆ ದಿನಾಂಕ ಎಂಬ ಅರ್ಥವೂ ಇದೆ, ಇತಿಹಾಸ ಎಂಬ ಅರ್ಥವೂ ಇದೆ. ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಸುವರ್ಣಯುಗದವರನ್ನು ನಂಬಲೋ ಕತ್ತಿಯವರನ್ನು ನಂಬಲೋ ಎಂಬುದಕ್ಕೆ, ಈ ಪದದಲ್ಲೇ ದಾರಿ ಇದೆ. ಯಾರು ಏನೇ ಹೇಳಲಿ, ಮೊದಲು ತಾರೀಖು ಕೇಳಿ: ಘಟನೆ ಯಾವಾಗ ನಡೆಯಿತು, ಅದನ್ನು ಹೇಳುವ ಆಕರ ಯಾವಾಗ ಹುಟ್ಟಿತು, ಮಧ್ಯೆ ಎಷ್ಟು ವರ್ಷ ಸಂದಿವೆ. ಒಳ್ಳೆಯ ಕೋರ್ಸು ಇದನ್ನು ಕಲಿಸುತ್ತದೆ. ಕಳಪೆ ಕೋರ್ಸು ಕಥೆ ಹೇಳಿ ಮುಗಿಸುತ್ತದೆ. ಮೂರು ಉದಾಹರಣೆ ನೋಡೋಣ.

ವಿಯೆನ್ನಾದ ಗ್ರಂಥಾಲಯದಲ್ಲಿ ಈಜಿಪ್ಟಿನ ಒಂದು ಪಪೈರಸ್ (ಜೊಂಡಿನ ಹಾಳೆ) ತುಂಡು ಇದೆ. ಪಿಇಆರ್‌ಎಫ್ 558 (PERF 558) ಎಂಬ ಸಂಖ್ಯೆ ಹಾಕಿ ಹುಡುಕಿದರೆ ಚಿತ್ರವೂ ಅನುವಾದವೂ ಸಿಗುತ್ತವೆ. ಹಿಜರಿ 22, ಅಂದರೆ 643ರದು. ಅರಬರು ಈಜಿಪ್ಟನ್ನು ಗೆದ್ದು ಒಂದೆರಡು ವರ್ಷವಾಗಿತ್ತಷ್ಟೆ. ಮೇಲೆ ಗ್ರೀಕ್, ಕೆಳಗೆ ಅರಬ್ಬಿ. ವಿಷಯ ಕುರಿಯ ರಸೀದಿ. ಅಬ್ದುಲ್ಲಾ ಎಂಬ ಸೇನಾನಾಯಕ ತನ್ನ ದಂಡಿಗಾಗಿ ಹೆರಾಕ್ಲಿಯೊಪೊಲಿಸ್ ಪಟ್ಟಣದ ಅಧಿಕಾರಿಗಳಿಂದ 65 ಕುರಿ ಪಡೆದಿದ್ದಾನೆ. ಗ್ರೀಕಿನಲ್ಲಿ ಒಟ್ಟು ಬರೆದಿದೆ. ಅರಬ್ಬಿಯಲ್ಲಿ ಐವತ್ತು ಮತ್ತು ಹದಿನೈದು ಎಂದು ಬಿಡಿಸಿದೆ. ಹಾಳೆಯ ಹಿಂಬದಿಯಲ್ಲಿ, ಈ ಕುರಿಗಳನ್ನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಲಾಗುತ್ತದೆ ಎಂಬ ಅರ್ಥದ ಒಕ್ಕಣೆ ಇದೆ. ಒಂದು ತುಂಡು ಹಾಳೆ ಎಷ್ಟು ಹೇಳುತ್ತದೆ ನೋಡಿ. ಗೆದ್ದ ಸೈನ್ಯ ಊರಿನಿಂದ ಆಹಾರ ವಸೂಲಿ ಮಾಡಿತು, ನಿಜ. ಅದಕ್ಕೆ ರಸೀದಿ ಕೊಟ್ಟಿತು, ಅದೂ ನಿಜ. ಹಳೆಯ ಗ್ರೀಕ್ ಗುಮಾಸ್ತನೇ ಕೆಲಸ ಮುಂದುವರಿಸಿದ. ಅರಬ್ಬಿ ಲಿಪಿಯ ಕೆಲವು ಅಕ್ಷರಗಳಿಗೆ ಆಗಲೇ ಚುಕ್ಕೆಗಳಿದ್ದವು. ಚುಕ್ಕೆ ಬಹಳ ಕಾಲದ ನಂತರ ಬಂದಿತು ಎಂದು ಹೇಳುವ ವಿಡಿಯೊಗಳಿಗೆ ಈ ಹಾಳೆಯೇ ಉತ್ತರ. ‘ಗೆಲುವು’ ಎಂಬ ಪದ ಕೇಳಿದಾಗ ಕತ್ತಿಯ ಜೊತೆ ಈ ಲೆಕ್ಕದ ಚೀಟಿಯೂ ಕಣ್ಣಮುಂದೆ ಬರಬೇಕು.

ಎರಡನೆಯದು ಜೆರುಸಲೇಮಿನ ಕುಬ್ಬತ್ ಅಲ್-ಸಖ್ರಾ, ಬಂಗಾರದ ಗುಮ್ಮಟದ ಆ ಕಟ್ಟಡ. ಅದರೊಳಗೆ ಸುಮಾರು 240 ಮೀಟರ್ ಉದ್ದದ ಮೊಸಾಯಿಕ್ ಬರಹ ಸುತ್ತುವರಿದಿದೆ. ಕಟ್ಟಿಸಿದವನ ಹೆಸರು ಬರುವ ಕಡೆ ಖಲೀಫ ಅಲ್-ಮಾಮೂನ್ ಎಂದಿದೆ. ಪಕ್ಕದಲ್ಲೇ ತಾರೀಖು ಹಿಜರಿ 72 ಎಂದಿದೆ. ಲೆಕ್ಕ ಹಾಕಿ: 72 ಎಂದರೆ 691–92. ಮಾಮೂನ್ ಪಟ್ಟಕ್ಕೆ ಬಂದದ್ದು 813ರಲ್ಲಿ. ಕಟ್ಟಿಸಿದವನು ಉಮಯ್ಯ ಖಲೀಫ ಅಬ್ದುಲ್ ಮಲಿಕ್. ಮಾಮೂನನ ಕಾಲದಲ್ಲಿ ಆ ಹೆಸರು ಕಿತ್ತು ಅವನ ಹೆಸರು ಕೂಡಿಸಿದರು. ಇದ್ದ ಜಾಗದಲ್ಲಿ ಉದ್ದದ ಹೆಸರು ತುರುಕಿದ್ದರಿಂದ ಅಕ್ಷರಗಳು ಒತ್ತೊತ್ತಾಗಿವೆ, ಹರಳಿನ ಬಣ್ಣವೂ ಬೇರೆ. ತಾರೀಖನ್ನು ಮಾತ್ರ ಮುಟ್ಟಲಿಲ್ಲ, ಗುಟ್ಟು ರಟ್ಟಾದದ್ದು ಅದರಿಂದ. ಶಾಸನ ಕಟ್ಟಡದ ಮೇಲೇ ಇದೆ ಎಂದ ಮಾತ್ರಕ್ಕೆ ಸುಳ್ಳು ಹೇಳುವುದಿಲ್ಲ ಎಂದಲ್ಲ.

ಮೂರನೆಯದು ನಮ್ಮ ಮನೆಯದೇ. ಬಹಮನಿ ರಾಜ್ಯ ಕಟ್ಟಿದವನನ್ನು ‘ಹಸನ್ ಗಂಗು’ ಎಂದು ಶಾಲೆಯಲ್ಲಿ ಓದಿದ್ದೇವೆ. ಅವನು ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಆಳಾಗಿದ್ದ, ಹೊಲ ಉಳುವಾಗ ನಿಧಿ ಸಿಕ್ಕಿತು, ಒಡೆಯನ ನೆನಪಿಗೆ ಹೆಸರು ಇಟ್ಟುಕೊಂಡ ಎಂಬ ಕಥೆ. ಇದನ್ನು ಬರೆದವನು ಫಿರಿಶ್ತಾ, ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ, 17ನೇ ಶತಮಾನದ ಆರಂಭದಲ್ಲಿ. ರಾಜ್ಯ ಸ್ಥಾಪನೆಯಾದದ್ದು 1347. ಮಧ್ಯೆ 250 ವರ್ಷಕ್ಕೂ ಹೆಚ್ಚು. ಅದೇ ಘಟನೆಯಾದ ಮೂರು ವರ್ಷದ ನಂತರ, 1350ರಲ್ಲಿ, ಇಸಾಮಿ ಎಂಬ ಕವಿ ಹೊಸ ಸುಲ್ತಾನನಿಗೇ ಅರ್ಪಿಸಿ ಪರ್ಶಿಯನ್ ಪದ್ಯದಲ್ಲಿ ಇತಿಹಾಸ ಬರೆದಿದ್ದಾನೆ. ಅಲ್ಲಿ ಬ್ರಾಹ್ಮಣನೂ ಇಲ್ಲ, ನಿಧಿಯೂ ಇಲ್ಲ. ಸುಲ್ತಾನ ಇರಾನಿನ ಪುರಾಣದ ಬಹಮನ್ ರಾಜನ ವಂಶದವನು ಎಂದಿದೆ. ಹಾಗಾದರೆ ಇಸಾಮಿಯನ್ನು ಕಣ್ಣು ಮುಚ್ಚಿ ನಂಬೋಣವೇ? ಅದೂ ಆಗದು. ಮುಹಮ್ಮದ್ ಬಿನ್ ತುಘಲಕ್ ದೆಹಲಿಯವರನ್ನು ದೌಲತಾಬಾದಿಗೆ ಕಳಿಸಿದಾಗ ಇಸಾಮಿಯ ಮುದಿ ತಾತ ದಾರಿಯಲ್ಲೇ ತೀರಿಕೊಂಡ. ತುಘಲಕ್ ಮೇಲೆ ಅವನಿಗೆ ಆರದ ಸಿಟ್ಟು; ತುಘಲಕ್ ವಿರುದ್ಧ ಎದ್ದ ಸುಲ್ತಾನನೇ ಅವನಿಗೆ ಅನ್ನದಾತ. ಹತ್ತಿರದ ಸಾಕ್ಷಿಗೆ ಹತ್ತಿರದ ಹಂಗು ಇರುತ್ತದೆ, ದೂರದ ಸಾಕ್ಷಿಗೆ ದಂತಕಥೆಯ ಬೆರಕೆ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದೇ ಕೆಲಸ. ಇದನ್ನೊಂದು ಸಲ ನೀವೇ ಮಾಡಿ ನೋಡಿದರೆ, ಯೂಟ್ಯೂಬಿನ ಇಬ್ಬರ ಜಗಳ ಕೇಳುವಾಗ ‘ಇದು ಎಲ್ಲಿ ಬರೆದಿದೆ, ಯಾರು ಬರೆದರು, ಯಾವಾಗ’ ಎಂದು ಮನಸ್ಸು ತಾನಾಗಿ ಕೇಳತೊಡಗುತ್ತದೆ.

ಈಗ ಕೋರ್ಸು ಆರಿಸುವ ಮಾತು. ಜಾಹೀರಾತಿನ ವಿಡಿಯೊ ಬಿಟ್ಟು ನೇರವಾಗಿ ಪಠ್ಯಕ್ರಮದ ಪುಟಕ್ಕೆ ಹೋಗಿ. ಮೊದಲು ನೋಡಬೇಕಾದದ್ದು ಅದು ಯಾವ ಬಗೆಯ ಕೋರ್ಸು ಎಂಬುದು. ಸೀರಾ (ಪೈಗಂಬರರ ಜೀವನಚರಿತ್ರೆ), ಫಿಕ್ಹ್ (ಧರ್ಮಶಾಸ್ತ್ರದ ಕಾನೂನು), ಕುರಾನ್ ವ್ಯಾಖ್ಯಾನ ಹೇಳಿಕೊಡುವ ಧಾರ್ಮಿಕ ಸಂಸ್ಥೆಗಳ ಕೋರ್ಸುಗಳಿಗೆ ಅವುಗಳದೇ ಗೌರವ, ಅವುಗಳದೇ ಶಿಸ್ತು ಇದೆ. ಆದರೆ ಅವು ಕೇಳುವ ಪ್ರಶ್ನೆ ಹೇಗೆ ಬದುಕಬೇಕು ಎಂಬುದು. ನಿಮಗೆ ಬೇಕಾದದ್ದು ಏನಾಯಿತು, ಹೇಗೆ ಗೊತ್ತು ಎಂಬುದು. ಹಾರ್ವರ್ಡಿನ ಅಲಿ ಅಸಾನಿ ಅವರು ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದಲ್ಲಿ ಕಲಿಸುವ ಕೋರ್ಸು ಕುರಾನನ್ನು ಮುಸ್ಲಿಮರು ಬೇರೆಬೇರೆ ಕಾಲ ದೇಶಗಳಲ್ಲಿ ಹೇಗೆ ಓದಿದರು, ಹಾಡಿದರು, ಬರೆದರು ಎಂಬುದರ ಬಗ್ಗೆ. ಅದು ಅಧ್ಯಯನಶೀಲವಾದದ್ದು, ಚೆಲುವಾದದ್ದು. ಆದರೆ ರಾಜಕೀಯ ಇತಿಹಾಸ ಸಿಗುತ್ತದೆಂದು ಸೇರಿದವರಿಗೆ ನಿರಾಸೆಯಾಗುತ್ತದೆ. ಎರಡನೇ ಕೋರ್ಸಾಗಿ ಇಟ್ಟುಕೊಳ್ಳಿ.

ಆಮೇಲೆ ಕೋರ್ಸು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಬೈಜಾಂಟಿಯಮ್ (ಪೂರ್ವ ರೋಮನ್) ಮತ್ತು ಸಸಾನಿ (ಇರಾನಿನ) ಸಾಮ್ರಾಜ್ಯಗಳ ಬಗ್ಗೆ ಕನಿಷ್ಠ ಒಂದು ಪಾಠವಿಲ್ಲದೆ ನೇರ ಮೆಕ್ಕಾದಿಂದ ಶುರುವಾದರೆ, ಅರಬರ ಗೆಲುವು ಏಕೆ ಅಷ್ಟು ವೇಗವಾಗಿ ಆಯಿತು ಎಂಬುದು ಪವಾಡವಾಗಿಯೋ ಕ್ರೌರ್ಯವಾಗಿಯೋ ಮಾತ್ರ ಕಾಣುತ್ತದೆ. ಆ ಎರಡು ಸಾಮ್ರಾಜ್ಯಗಳು 602ರಿಂದ 628ರವರೆಗೆ ಒಂದನ್ನೊಂದು ಹೊಡೆದು ಸೊರಗಿದ್ದವು. ಇನ್ನು 1258ರಲ್ಲಿ ಮಂಗೋಲರು ಬಾಗ್ದಾದನ್ನು ಸುಟ್ಟರು, ಅಲ್ಲಿಗೆ ಎಲ್ಲ ಮುಗಿಯಿತು ಎಂದು ನಿಲ್ಲಿಸುವ ಕೋರ್ಸು ಅರ್ಧ ಕೋರ್ಸು. ಬಾಗ್ದಾದ್ ಬಿದ್ದ ಮರುವರ್ಷವೇ, 1259ರಲ್ಲಿ, ಅದೇ ಮಂಗೋಲ್ ದೊರೆ ಹುಲಾಗುವಿನ ಆಶ್ರಯದಲ್ಲಿ ನಸೀರುದ್ದೀನ್ ತೂಸಿ ಇರಾನಿನ ಮರಾಗಾದಲ್ಲಿ ವೇಧಶಾಲೆ ಶುರುಮಾಡಿದರು. 14ನೇ ಶತಮಾನದ ದಮಾಸ್ಕಸ್‌ನಲ್ಲಿ ಇಬ್ನ್ ಅಲ್-ಶಾತಿರ್ ಮಾಡಿದ ಚಂದ್ರನ ಚಲನೆಯ ಮಾದರಿ ಮುಂದೆ ಕೊಪರ್ನಿಕಸ್ ಕೊಟ್ಟ ಮಾದರಿಗೆ ಗಣಿತದಲ್ಲಿ ಹೊಂದುತ್ತದೆ. ಸಮರ್ಕಂದದಲ್ಲಿ ಅಲ್-ಕಾಶಿ 1424ರಲ್ಲಿ ಪೈ ಬೆಲೆಯನ್ನು ದಶಮಾಂಶದ 16 ಸ್ಥಾನದವರೆಗೆ ಎಣಿಸಿದರು. 1111ರಲ್ಲಿ ತೀರಿಕೊಂಡ ಧರ್ಮಪಂಡಿತ ಗಜಾಲಿ ಒಬ್ಬರೇ ವಿಜ್ಞಾನದ ಕತ್ತು ಹಿಸುಕಿದರು ಎಂದು ಹೇಳುವ ಪಾಠ ಕೇಳಿದರೆ ಈ ಮೂರು ತಾರೀಖುಗಳನ್ನು ಅದರ ಮುಂದಿಟ್ಟು ನೋಡಿ. ಅಂಥ ಕೋರ್ಸಿಗೆ ನಿಮ್ಮ ಐದು ಗಂಟೆ ಕೊಡಬೇಡಿ.

ಹೊಗಳಿಕೆಯ ಕಡೆಯೂ ಇದೇ ಪರೀಕ್ಷೆ. ‘ಬೈತುಲ್ ಹಿಕ್ಮ’, ಜ್ಞಾನಮಂದಿರ, ಬಾಗ್ದಾದಿನ ದೊಡ್ಡ ವಿಶ್ವವಿದ್ಯಾಲಯ, ಅಲ್ಲಿ ಗ್ರೀಕ್ ಪುಸ್ತಕಗಳೆಲ್ಲ ಅನುವಾದವಾದವು, ಅನುವಾದಕರಿಗೆ ಪುಸ್ತಕದ ತೂಕದ ಬಂಗಾರ ಕೊಡುತ್ತಿದ್ದರು ಎಂಬ ವರ್ಣನೆ ಎಲ್ಲೆಡೆ ಇದೆ. ಆ ಹೆಸರಿನ ಗ್ರಂಥಭಂಡಾರ ಇದ್ದದ್ದು ನಿಜ. ಆದರೆ ಹಳೆಯ ಆಕರಗಳಲ್ಲಿ ಅದರ ಬಗ್ಗೆ ಸಿಗುವುದು ಕೆಲವೇ ಸಾಲು, ಅವು ಇಷ್ಟು ದೊಡ್ಡ ಚಿತ್ರವನ್ನು ಹೊರಲಾರವು. ಅನುವಾದ ಚಳವಳಿ ಮಾತ್ರ ನಿಜಕ್ಕೂ ದೊಡ್ಡದು, ಕಥೆಗಿಂತ ಸ್ವಾರಸ್ಯದ್ದು. ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯರು ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಸುಮಾರು 129 ಕೃತಿಗಳ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಸಿರಿಯಾಕ್ ಭಾಷೆಗೆ ಯಾರು ತಂದರು, ಅರಬ್ಬಿಗೆ ಯಾರು ತಂದರು, ಯಾರಿಗಾಗಿ ಮಾಡಿದರು ಎಂದು ಬರೆದಿಟ್ಟಿದ್ದಾರೆ. ಹಸ್ತಪ್ರತಿ ಸರಿಯಿಲ್ಲದಿದ್ದರೆ ಇನ್ನೊಂದು ಗ್ರೀಕ್ ಪ್ರತಿ ಹುಡುಕಿಕೊಂಡು ಊರೂರು ಅಲೆದದ್ದನ್ನೂ ಹೇಳುತ್ತಾರೆ. ಈ ಪಟ್ಟಿಯ ಹೆಸರೆತ್ತುವ ಕೋರ್ಸು ಸಿಕ್ಕರೆ ಧೈರ್ಯವಾಗಿ ಸೇರಿ.

ಇನ್ನೊಂದು ಒರೆಗಲ್ಲು ಮತಾಂತರದ ಪಾಠ. ಇರಾಕ್, ಸಿರಿಯಾ, ಈಜಿಪ್ಟ್, ಇರಾನ್ ಗೆದ್ದದ್ದಕ್ಕೆ ಕೆಲವು ದಶಕ ಹಿಡಿಯಿತು. ಅಲ್ಲಿನ ಜನ ಬಹುಪಾಲು ಮುಸ್ಲಿಮರಾದದ್ದಕ್ಕೆ ಶತಮಾನಗಳು. ಇರಾನಿನ ವಿಷಯದಲ್ಲಿ ಇದನ್ನು ಅಂದಾಜು ಮಾಡಿದ ರೀತಿ ಬಹಳ ಜಾಣತನದ್ದು. ಪಂಡಿತರ ಜೀವನಕೋಶಗಳಲ್ಲಿ ವಂಶಾವಳಿ ಇರುತ್ತದಲ್ಲ, ಇಂಥವನ ಮಗ ಇಂಥವನ ಮಗ ಎಂದು. ಅದರಲ್ಲಿ ಹಿಂದೆ ಹೋಗುತ್ತ ಯಾವ ತಲೆಮಾರಿನಲ್ಲಿ ಪರ್ಶಿಯನ್ ಹೆಸರು ಹೋಗಿ ಅರಬ್ಬಿ ಹೆಸರು ಬಂತು ಎಂದು ಎಣಿಸಿದರು. ಭಾನುವಾರ ನೀವು ಕಲಿತ ಹೆಸರು ಬಿಡಿಸುವ ವಿದ್ಯೆ ಇಲ್ಲಿ ಸಂಶೋಧನೆಯ ಸಾಧನವೇ ಆಗಿಬಿಡುತ್ತದೆ. ಗೆಲುವು ಮತ್ತು ಮತಾಂತರವನ್ನು ಒಂದೇ ಉಸಿರಿನಲ್ಲಿ ಹೇಳುವ ಪಾಠ, ಎರಡು ಪಕ್ಷದಲ್ಲಿ ಯಾವುದರದೇ ಇರಲಿ, ನೆಚ್ಚತಕ್ಕದ್ದಲ್ಲ.

ದಾರಿಯ ಬಗ್ಗೆ ಸಣ್ಣ ಮಾತು. ಕೋರ್ಸೆರಾ, ಎಡ್‌ಎಕ್ಸ್ ಎರಡರಲ್ಲೂ ಉಚಿತವಾಗಿ ನೋಡುವ ಅವಕಾಶದ ನಿಯಮ ಆಗಾಗ ಬದಲಾಗುತ್ತದೆ. ಕೆಲವಲ್ಲಿ ಮೊದಲ ಘಟಕ ಮಾತ್ರ, ಕೆಲವಲ್ಲಿ ಇಂತಿಷ್ಟು ವಾರ ಮಾತ್ರ. ಕಾರ್ಡಿನ ವಿವರ ಕೊಡುವ ಮುಂಚೆ ಅದನ್ನು ಓದಿ. ಕೋರ್ಸೆರಾದಲ್ಲಿ ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದು, ಉತ್ತರ ಬರಲು ಎರಡು ವಾರವಾದರೂ ಬೇಕು ಎಂದು ಇಟ್ಟುಕೊಳ್ಳಿ. ಭಾರತ ಸರಕಾರದ ಸ್ವಯಂ ತಾಣದಲ್ಲಿ ಪಾಠ ಪೂರ್ತಿ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಮಧ್ಯಕಾಲೀನ ಭಾರತದ ಕೋರ್ಸುಗಳು ಅಲ್ಲಿ ಸೆಮಿಸ್ಟರ್ ಲೆಕ್ಕದಲ್ಲಿ ಬರುತ್ತವೆ, ಜನವರಿ ಮತ್ತು ಜುಲೈ ಸುಮಾರಿಗೆ ನೋಡುತ್ತಿರಿ. ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲಿ ನಾಸರ್ ರಬ್ಬಾತ್ ಅವರ ಕೈರೋ ನಗರದ ವಾಸ್ತುವಿನ ಕೋರ್ಸು (4.615) ಹಳೆಯದಾದರೂ ಒಂದು ನಗರವನ್ನು ಹಿಡಿದು ಸಾವಿರ ವರ್ಷದ ಇತಿಹಾಸ ಹೇಳುವ ಅದರ ಕ್ರಮ ನನಗೆ ಬಹಳ ಇಷ್ಟ, ಗಡುವು ಇಲ್ಲ, ಪ್ರಮಾಣಪತ್ರವೂ ಇಲ್ಲ. ದರ್ಶನಶಾಸ್ತ್ರಕ್ಕೆ ಪೀಟರ್ ಆಡಮ್ಸನ್ ಅವರ ಪಾಡ್‌ಕಾಸ್ಟಿನ ಇಸ್ಲಾಮಿ ಜಗತ್ತಿನ ಕಂತುಗಳಿವೆ, ಒಂದೊಂದು ಸುಮಾರು ಇಪ್ಪತ್ತು ನಿಮಿಷ, ಬಸ್ಸಿನಲ್ಲಿ ಕೇಳಬಹುದು. ಕಟ್ಟಡಗಳ ಚಿತ್ರ, ನಕ್ಷೆಗೆ ಆರ್ಕ್‌ನೆಟ್. ಇರಾನ್ ಮತ್ತು ದಖನ್ನಿನ ವ್ಯಕ್ತಿಗಳಿಗೆ ಎನ್‌ಸೈಕ್ಲೊಪೀಡಿಯಾ ಇರಾನಿಕಾ. ಹಸ್ತಪ್ರತಿಗಳಿಗೆ ಕತಾರ್ ಡಿಜಿಟಲ್ ಲೈಬ್ರರಿ. ಮೂರೂ ಉಚಿತ. ಬೀದರಿಗೆ ಗುಲಾಮ್ ಯಜ್ದಾನಿಯವರ 1947ರ ದೊಡ್ಡ ಗ್ರಂಥ ಈಗಲೂ ಬೇಕೇ ಬೇಕು.

ವಾರದ ಐದು ಗಂಟೆಯನ್ನು ಪೂರ್ತಿ ವಿಡಿಯೊಗೆ ಕೊಟ್ಟರೆ ತಿಂಗಳೊಳಗೆ ಎಲ್ಲ ಮರೆತುಹೋಗುತ್ತದೆ. ಎರಡು ಗಂಟೆ ಪಾಠ ಸಾಕು. ಒಂದೂವರೆ ಗಂಟೆ ಆ ವಾರದ ಪಾಠಕ್ಕೆ ಹೊಂದುವ ಒಂದೇ ಆಕರದ ಹತ್ತು ಪುಟ ಓದಿ, ಅನುವಾದದಲ್ಲೇ ಆಗಲಿ. ಒಂದು ಗಂಟೆ ನಕ್ಷೆಗೆ: ಖಾಲಿ ಹಾಳೆಯ ಮೇಲೆ ಕೈಯಾರೆ ಇಪ್ಪತ್ತು ಚುಕ್ಕೆ ಇಡಿ. ಕೊರ್ದೊಬಾ, ಕೈರವಾನ್, ಕೈರೋ, ಮೆಕ್ಕಾ, ಮದೀನಾ, ದಮಾಸ್ಕಸ್, ಕೂಫಾ, ಬಸ್ರಾ, ಬಾಗ್ದಾದ್, ನಿಶಾಪುರ, ಮರ್ವ್, ಬುಖಾರಾ, ಸಮರ್ಕಂದ್. ಕಡಲ ದಾರಿಯಲ್ಲಿ ಹೊರ್ಮುಜ್, ಖಂಭಾತ್, ಹೊನ್ನಾವರ. ನೆಲದ ಮೇಲೆ ದೌಲತಾಬಾದ್, ಕಲಬುರಗಿ, ಬೀದರ್, ವಿಜಯಪುರ. ಪ್ರತಿ ವಾರ ಹೊಸದಾಗಿ ಬರೆಯಿರಿ, ನೋಡದೆ. ಉಳಿದ ಅರ್ಧ ಗಂಟೆಯಲ್ಲಿ ಕಲಿತದ್ದನ್ನು ಕನ್ನಡದಲ್ಲಿ ಇನ್ನೂರು ಪದ ಬರೆಯಿರಿ. ಇಂಗ್ಲಿಷ್ ಪಾಠದ ಸಾಲನ್ನು ನಕಲು ಮಾಡಿದರೆ ಅರ್ಥವಾದಂತೆ ಅನಿಸುತ್ತದೆ. ಕನ್ನಡದಲ್ಲಿ ಬರೆಯಲು ಹೋದಾಗಲೇ ಎಲ್ಲಿ ಅರ್ಥವಾಗಿಲ್ಲ ಎಂದು ಕಾಣುವುದು. ಹೀಗೆ ಆರು ತಿಂಗಳು ಇಟ್ಟುಕೊಳ್ಳಿ: ಮೊದಲ ಮೂರು ತಿಂಗಳಲ್ಲಿ 600ರಿಂದ 1258ರವರೆಗೆ, ಒಂದು ತಿಂಗಳಲ್ಲಿ ಅದರ ನಂತರದ ಕೈರೋ, ಇಸ್ತಾಂಬುಲ್, ಇಸ್ಫಹಾನ್, ಕೊನೆಯ ಎರಡು ತಿಂಗಳು ಪೂರ್ತಿ ದಖನ್. ಎಲ್ಲವನ್ನೂ ಸಮನಾಗಿ ಓದುತ್ತೇನೆ ಎಂದು ಹೊರಟವರು ಯಾವುದನ್ನೂ ಮುಟ್ಟುವುದಿಲ್ಲ.

ಅರಬ್ಬಿ ಬರುವುದಿಲ್ಲ ಎಂದಿದ್ದೀರಿ. ಈ ಆರು ತಿಂಗಳಿಗೆ ಅರಬ್ಬಿ ಬೇಡ, ಲಿಪಿ ಮಾತ್ರ ಕಲಿಯಿರಿ. 28 ಅಕ್ಷರ, ದಿನಕ್ಕೆ ಇಪ್ಪತ್ತು ನಿಮಿಷದಂತೆ ಮೂರು ವಾರ. ಶಾಸನದ ಚಿತ್ರದಲ್ಲಿ ಒಂದು ಹೆಸರು, ಒಂದು ವರ್ಷ ಗುರುತಿಸಲು ಬಂದರೆ ಸಾಕು. ಆಮೇಲೆ ಮನಸ್ಸಿದ್ದರೆ ಪರ್ಶಿಯನ್ ಹಿಡಿಯಿರಿ. ದಖನ್ನಿನ ಆಡಳಿತ, ಇತಿಹಾಸ ಬರಹ ಬಹುಪಾಲು ಆ ಭಾಷೆಯಲ್ಲಿದೆ. ಲಿಂಗಭೇದವಿಲ್ಲ, ಕ್ರಿಯಾಪದ ನಮ್ಮಂತೆ ಕೊನೆಗೆ ಬರುತ್ತದೆ. ಪದಗಳಂತೂ ನಮ್ಮ ತಾಲೂಕು ಕಚೇರಿಯಲ್ಲೇ ಇವೆ: ದಫ್ತರ, ಜಮೀನು, ಖಜಾನೆ, ಶಿರಸ್ತೇದಾರ, ಜಮಾಬಂದಿ. ದಫ್ತರ ಎಂಬುದು ಗ್ರೀಕಿನಲ್ಲಿ ಚರ್ಮ ಎಂಬ ಅರ್ಥವಿದ್ದ ಪದದಿಂದ ಬಂದದ್ದು. ಚರ್ಮದ ಹಾಳೆಯ ಲೆಕ್ಕಪತ್ರದಿಂದ ಹೊರಟು ಪರ್ಶಿಯನ್, ಅರಬ್ಬಿ ದಾಟಿ ನಮ್ಮ ಶಾನುಭೋಗರ ಕೈಗೆ ಬಂತು. ಆ ಕುರಿ ರಸೀದಿ ಬರೆದ ಗ್ರೀಕ್ ಗುಮಾಸ್ತ ಮತ್ತೆ ನೆನಪಾಗುತ್ತಾನೆ. ವಿಜಯಪುರದಲ್ಲಿ ಆದಿಲಶಾಹಿ ಕಾಲದ ಪರ್ಶಿಯನ್, ದಖನಿ ಕೃತಿಗಳನ್ನು ಕನ್ನಡಕ್ಕೆ ತಂದಿರುವ ಸಂಪುಟಗಳೂ ಇವೆ, ಗ್ರಂಥಾಲಯದಲ್ಲಿ ಕೇಳಿ.

ಪ್ರಮಾಣಪತ್ರ: ನೀವು ಉದ್ಯೋಗಕ್ಕೋ ಬಡ್ತಿಗೋ ಕೇಳುತ್ತಿಲ್ಲವಾದ್ದರಿಂದ ಬೇಡ. ಮುಂದೆ ಎಂ.ಎ. ಸೇರುವ ಯೋಚನೆಯಿದ್ದರೆ ಸ್ವಯಂ ಕೋರ್ಸಿನ ಪರೀಕ್ಷೆ ಕಟ್ಟುವುದರಲ್ಲಿ ಅರ್ಥವಿದೆ. ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ 40 ಶೇಕಡದವರೆಗೆ ಕ್ರೆಡಿಟ್ ಅಲ್ಲಿಂದ ಪಡೆಯಬಹುದು, ಆದರೆ ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಆ ದುಡ್ಡು ಈಗ ಕೈಯಲ್ಲಿದ್ದರೆ ಒಂದು ಒಳ್ಳೆಯ ಐತಿಹಾಸಿಕ ಭೂಪಟ ಕೊಳ್ಳಿ.

ಮೊದಲ ವಾರಕ್ಕೆ ಒಂದು ಅಭ್ಯಾಸ ಕೊಡುತ್ತೇನೆ, ಕೋರ್ಸು ಶುರುವಾಗುವ ಮುಂಚೆಯೇ ಮಾಡಬಹುದು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದದ್ದು 1342ರ ಸುಮಾರಿಗೆ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಎನ್ನುತ್ತಾನೆ. ಊರಿನ ಸುಲ್ತಾನ ಜಮಾಲುದ್ದೀನ್ ‘ಹರ್ಯಬ್’ ಎಂಬ ಹಿಂದೂ ದೊರೆಗೆ ಅಧೀನ ಎಂದೂ ಹೇಳುತ್ತಾನೆ. ಈ ಮಾತನ್ನು ಅವನು ಮೊರಾಕ್ಕೊದಲ್ಲಿ ನೆನಪಿನಿಂದ ಹೇಳಿ, ಇಬ್ನ್ ಜುಝೈ ಎಂಬ ಬರಹಗಾರ ಬರೆದುಕೊಂಡು ಮುಗಿಸಿದ್ದು 1355ರಲ್ಲಿ. ಆ ಭಾಗದ ಅನುವಾದ ಎರಡು ಮೂರು ಪುಟ, ಆರ್ಕೈವ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಓದಿ, ಇನ್ನೂರು ಪದ ಬರೆಯಿರಿ: ಕಂಡದ್ದು ಯಾವಾಗ, ಹೇಳಿದ್ದು ಯಾವಾಗ, ಬರೆದವರು ಯಾರು, 13 ಮತ್ತು 23 ಎಂಬ ಸಂಖ್ಯೆಯನ್ನು ಎಷ್ಟರಮಟ್ಟಿಗೆ ಹಿಡಿಯಬಹುದು, ‘ಹರ್ಯಬ್’ ವಿಜಯನಗರದ ಹರಿಹರನೇ ಎಂದು ಅನೇಕರು ಗುರುತಿಸುತ್ತಾರಲ್ಲ, ಅದಕ್ಕೆ 1342ರ ಆಸುಪಾಸಿನ ಯಾವ ಕನ್ನಡ ಶಾಸನ ಬೆಂಬಲ ಕೊಟ್ಟೀತು.